ಊಟ ಸೇರದವರಿಗೆ ಮಾತ್ರೆ

ಇವತ್ತು ಕ್ಲಿನಿಕ್ಕಿನಲ್ಲಿ ಟಿಂಚರ್ ವಾಸನೆಗೆ ದೊಡ್ಡಪ್ಪ ನೆನಪಾದರು. ಹೊನ್ನಾಳಿಯಲ್ಲಿ ಡಾಕ್ಟರಾಗಿದ್ದರು. ಮಗ ಯುದ್ಧದಲ್ಲಿ ತೀರಿಕೊಂಡ ಮೇಲೆ ದವಾಖಾನೆ ಮುಚ್ಚಿದರು, ಊಟವನ್ನೂ ಬಿಟ್ಟರು. ಸಾಂತ್ವನದ ಕಾಗದಗಳನ್ನು ನಾನು ಓದುತ್ತಿದ್ದೆ, ಅವರು ಗೋಡೆ ನೋಡುತ್ತಿದ್ದರು. ರೋಗಿಗಳ ಕಾಗದವೆಂದರೆ ಮೊದಲ ಸಾಲು ಮಗನಿಗೆ, ಉಳಿದದ್ದೆಲ್ಲ ಕೆಮ್ಮಿಗೆ.

ಒಂದು ದಿನ ಗೋವಿನಕೋವಿಯ ರುದ್ರಜ್ಜ ಬರೆಸಿದ್ದ: “ಡಾಕ್ಟ್ರೇ, ಸುದ್ದಿ ಕೇಳಿದಾಗಿಂದ ಊಟ ಸೇರ್ತಿಲ್ಲ. ಇದಕ್ಕೆ ಮಾತ್ರೆ ಐತೇನ್ರೀ?”

ದೊಡ್ಡಪ್ಪ ತಟ್ಟನೆ ಎದ್ದು ಕೂತರು. “ಸಕ್ಕರೆ ಕಾಯಿಲೆಯೋನು ಉಪವಾಸ ಬಿದ್ರೆ ಹೆಂಗೆ? ಕೂಡ್ಲೇ ಬರಾಕೆ ಬರಿ!”

ಅಜ್ಜ ಬಂದ. ದೊಡ್ಡಮ್ಮ ಇಬ್ಬರಿಗೂ ಮುದ್ದೆ ಬಡಿಸಿದರು.

“ಉಣ್ಣೋ ಅಜ್ಜ,” ಅಂದರು ದೊಡ್ಡಪ್ಪ.

“ಹೆಂಗೆ ಉಣ್ಣಬೇಕು ಅಂತಾನೇ ಮರ್ತು ಹೋಗೈತ್ರೀ. ನೀವು ಮೊದ್ಲು ತೋರಿಸ್ರಿ, ಡಾಕ್ಟ್ರೇ.”

ದೊಡ್ಡಮ್ಮ ಸೌಟು ಹಿಡಿದು ನಿಂತೇ ಇದ್ದರು. ದೊಡ್ಡಪ್ಪ ಮುದ್ದೆ ಮುರಿದರು.