ಕತ್ತರಿಸಿದ ಉಸಿರು

ನಮ್ಮಪ್ಪ ಮೂವತ್ತು ವರ್ಷ ಧ್ವನಿಮುದ್ರಣದ ಸ್ಟುಡಿಯೋದಲ್ಲಿ ಟೇಪು ಕತ್ತರಿಸಿ ಅಂಟಿಸುವ ಕೆಲಸ ಮಾಡಿದರು. ಊರಿಗೆ ಊರೇ ತಲೆದೂಗುತ್ತಿದ್ದ ಗಾಯಕಿಯೊಬ್ಬಳಿಗೆ ಅಪ್ಪನ ಬ್ಲೇಡೇ ಆಗಬೇಕಿತ್ತು. ಎಲ್ಲರೂ ಆಕೆಯನ್ನು ದೊಡ್ಡಕ್ಕ ಎನ್ನುತ್ತಿದ್ದರು. ದೊಡ್ಡಕ್ಕನಿಗೆ ಉಬ್ಬಸ. ಸಾಲಿನ ನಡುವೆ ಆಕೆ ಎಳೆದ ಉಸಿರನ್ನೆಲ್ಲ ಅಪ್ಪ ಕತ್ತರಿಸಿ ತೆಗೆಯುತ್ತಿದ್ದರು. "ಅಬ್ಬಾ, ಎಲ್ಲೂ ಉಸಿರೇ ತಗೊಳಲ್ಲ!" ಎಂದು ಜನ ಬೆರಗಾದರೆ ಅಪ್ಪ ಮೀಸೆಯಡಿಯಲ್ಲೇ ನಗುತ್ತಿದ್ದರು. ಗುಟ್ಟು ಮಾತ್ರ ಬಿಟ್ಟುಕೊಟ್ಟವರಲ್ಲ.

ಆಕೆ ತೀರಿಕೊಂಡ ಹತ್ತು ವರ್ಷಕ್ಕೆ ಅಪ್ಪನಿಗೆ ಮರೆವಿನ ಕಾಯಿಲೆ ಹಿಡಿಯಿತು. ಮೊದಲು ಕನ್ನಡಕ ಮರೆತರು, ಆಮೇಲೆ ಬಚ್ಚಲಿನ ದಾರಿ, ಕೊನೆಗೆ ಅಮ್ಮನನ್ನೇ. "ನೀವು ಯಾರ ಮನೆಯವರು ತಾಯಿ?" ಎನ್ನುತ್ತಿದ್ದರು. ಒಂದೇ ಒಂದು ಸಲ ಗುರುತು ಹಿಡಿದರೆ ಸಾಕೆಂದು ಅಮ್ಮ ಹಂಬಲಿಸುತ್ತಿದ್ದಳು. ಹಳೆಯ ಹಾಡು ಕೇಳಿಸಿ ನೋಡಿ ಎಂದರು ಡಾಕ್ಟರು.

ಕೇಳಿಸಿದೆ. ಕೇಳಿಸಿ ಕೆಟ್ಟೆ. ದೊಡ್ಡಕ್ಕನ ದನಿ ಬಂದದ್ದೇ ತಡ, ಅಪ್ಪ ಕುರ್ಚಿಯಿಂದೆದ್ದು ಕೂಗತೊಡಗಿದರು. "ಅಯ್ಯೋ, ಉಸಿರೇ ತಗೋತಿಲ್ಲ! ಕಿಟಕಿ ತೆಗೀರಿ, ಸತ್ತು ಹೋಗ್ತಾಳೆ!" ಉಸಿರು ಕಿತ್ತವರು ತಾವೇ ಎಂಬುದು ಅವರಿಗೆ ನೆನಪಿರಲಿಲ್ಲ. ಹಾಡು ನಿಲ್ಲಿಸಿದೆ. "ನೋಡಿ, ಹೋಗೇಬಿಟ್ಲು" ಎಂದು ಎದೆ ಬಡಿದುಕೊಂಡರು. ಎರಡು ದಿನ ಅನ್ನ ಮುಟ್ಟಲಿಲ್ಲ.

ಮೂರನೆಯ ದಿನ ಅಮ್ಮ ನನ್ನಿಂದ ಮತ್ತೆ ಹಾಡು ಹಾಕಿಸಿದಳು. ಅಪ್ಪನ ಬೆನ್ನ ಹಿಂದೆ ಕೂತು ಪ್ರತಿ ಸಾಲಿನ ನಡುವೆಯೂ ಜೋರಾಗಿ ಉಸಿರೆಳೆದಳು. ಅಪ್ಪ ತಣ್ಣಗಾದರು. "ಹಾಂ, ಇದ್ದಾಳೆ." ಅಂದಿನಿಂದ ದಿನಾ ಬೆಳಿಗ್ಗೆ ಇದೇ ಕಥೆ. ಸತ್ತವಳ ದನಿ, ಬದುಕಿರುವವಳ ಉಸಿರು. ತಿಂಗಳು ಕಳೆಯುವಷ್ಟರಲ್ಲಿ ಅಮ್ಮನ ಎದೆಯಲ್ಲೂ ಸಿಳ್ಳೆಯಂಥ ಸದ್ದು ಏಳತೊಡಗಿತು. ತರಕಾರಿ ಹೆಚ್ಚುವಾಗಲೂ ಅದು ನಿಲ್ಲುತ್ತಿರಲಿಲ್ಲ. ನನಗೆ ಭಯವಾಯಿತು.

"ಸಾಕು ಮಾಡಮ್ಮ ಈ ಹುಚ್ಚಾಟ" ಎಂದು ರೇಗಿದೆ.

"ಅವರು ಊಟ ಮಾಡ್ತಿದಾರಲ್ಲೇ, ಸುಮ್ನಿರು."

ಒಂದು ಬೆಳಿಗ್ಗೆ ಅಪ್ಪ ಹಾಡಿನ ನಡುವೆ ಕೈಯೆತ್ತಿ, ಕತ್ತು ವಾರೆ ಮಾಡಿ ಆಲಿಸಿದರು.

"ಇದು ದೊಡ್ಡಕ್ಕಂದಲ್ಲ. ನನ್ನ ಹೆಂಡ್ತಿ ಉಸಿರು. ನಲವತ್ತು ವರ್ಷ ಪಕ್ಕದಲ್ಲೇ ಕೇಳಿದೀನಿ, ನಂಗೊತ್ತಾಗಲ್ವಾ?"

ಅಮ್ಮನ ಕಣ್ಣು ತುಂಬಿತು. "ಹೌದು ರೀ, ನಾನೇ" ಎನ್ನಲು ಬಾಯಿ ತೆರೆದಳು.

ಅಪ್ಪ ತುಟಿಗೆ ಬೆರಳಿಟ್ಟು ನನ್ನತ್ತ ತಿರುಗಿದರು. "ಅವಳನ್ನ ಹೊರಗೆ ಕಳ್ಸಮ್ಮ, ಟೇಪು ಹಾಳಾಗುತ್ತೆ. ಇಲ್ಲಾಂದ್ರೆ ಅವಳದ್ದೂ ಕತ್ತರಿಸಬೇಕಾಗುತ್ತೆ."

ಅಮ್ಮ ಹೊರಗೆ ಹೋಗಲಿಲ್ಲ. ಅವರ ಎದುರಿಗೇ ಬಂದು ಕೂತು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಉಸಿರು ಬಿಗಿಹಿಡಿದಳು. ಮುಖ ಕಪ್ಪಿಟ್ಟರೂ ಕಣ್ಣು ನಗುತ್ತಿತ್ತು. ನಾನು ಕೈ ಎಳೆದರೂ ಬಿಡಲಿಲ್ಲ.

ಅಪ್ಪ ಈ ಸಲ ಗಾಬರಿಯಾಗಲಿಲ್ಲ. ತಲೆದೂಗುತ್ತಾ, "ಈಗ ಸರಿಯಾಯ್ತು ನೋಡು" ಎಂದರು.