ಅಕ್ಕನ ಜೊತೆ ಹತ್ತು ರೊಟ್ಟಿ

ನಲವತ್ತೈದು ತುಂಬಿದಾಗ ನಾನೊಂದು ಪಟ್ಟಿ ಬರೆದೆ. ಐವತ್ತಾಗುವುದರೊಳಗೆ ಮಾಡಿ ಮುಗಿಸಬೇಕಾದ ಹದಿನೈದು ಕೆಲಸಗಳು. ವಿಮಾನ ಹತ್ತುವುದು, ಕಾಶಿಗೆ ಹೋಗುವುದು, ಅಂಥ ದೊಡ್ಡ ಆಸೆಗಳೇನೂ ಅದರಲ್ಲಿರಲಿಲ್ಲ. ನಾನು ಯಲಬುರ್ಗಾದ ಒಂದು ಕಚೇರಿಯಲ್ಲಿ ಗುಮಾಸ್ತೆ. ಇಪ್ಪತ್ತು ವರ್ಷದಿಂದ ಕೊಪ್ಪಳದಿಂದ ಹೋಗುವ ಅದೇ ಬಸ್ಸು, ಅದೇ ಕುರ್ಚಿ, ಅದೇ ಫೈಲು. ಬೇಸತ್ತು ಹೋಗಿದ್ದೆ. ಒಂದು ಮಧ್ಯಾಹ್ನ ಸಾಹೇಬರು ಇಲ್ಲದಾಗ, ಹಾಳಾಗಿ ಹೋಗಲಿ, ಸ್ವಲ್ಪ ಮಜಾ ಮಾಡೋಣ ಎಂದು ಕಾಗದ ತೆಗೆದುಕೊಂಡೆ.

ಗಂಡನನ್ನು ಹಿಂದೆ ಕೂರಿಸಿಕೊಳ್ಳದೆ ಹಿಟ್ನಾಳದವರೆಗೆ ಸ್ಕೂಟರ್ ಓಡಿಸುವುದು. ತಾವರಗೇರಾದಲ್ಲಿ ಸೋದರಮಾವನ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುವುದು. ಗಂಗಾವತಿ ಕಡೆಯ ಗದ್ದೆಯಲ್ಲಿ ಕೂಲಿ ಹೆಂಗಸರ ಸಾಲಿನಲ್ಲಿ ನಿಂತು ಒಂದು ದಿನ ಪೂರ್ತಿ ಭತ್ತದ ನಾಟಿ ಮಾಡುವುದು. ಒಂದೇ ಸಲಕ್ಕೆ ಕೂತು ಹನ್ನೆರಡು ಮಿರ್ಚಿ ಬಜ್ಜಿ ತಿನ್ನುವುದು. ಇಂಥವು. ಗದ್ದೆಯಲ್ಲಿ ಮಧ್ಯಾಹ್ನಕ್ಕೇ ನನ್ನ ಸೊಂಟ ಹಿಡಿದುಕೊಂಡಿತು. ಆ ಹೆಂಗಸರು ತೆಲುಗಿನಲ್ಲಿ ಏನೋ ಅಂದುಕೊಂಡು ಬಿದ್ದು ಬಿದ್ದು ನಕ್ಕರು. ನಾನು ಹಲ್ಲು ಕಚ್ಚಿಕೊಂಡು ಸಂಜೆಯವರೆಗೆ ನಿಂತೆ, ಮರುದಿನ ರಜೆ ಹಾಕಿ ಮಲಗಿದೆ.

ಒಬ್ಬಳೇ ಏನಾದರೂ ಮಾಡಿ ಮುಗಿಸಿದರೆ ನನಗೆ ಗೆದ್ದಂತೆ ಅನ್ನಿಸುವುದಿಲ್ಲ. ಎದುರಿಗೆ ಒಬ್ಬರು ಸೋಲಬೇಕು. ಹುಟ್ಟುಗುಣ ಇದು, ಮುಚ್ಚಿಟ್ಟು ಏನು ಮಾಡಲಿ. ಮಿರ್ಚಿ ತಿನ್ನುವಾಗ ನಿವೃತ್ತಿಗೆ ಬಂದ ಒಬ್ಬ ಸಹೋದ್ಯೋಗಿಯನ್ನು ಎದುರಿಗೆ ಕೂರಿಸಿಕೊಂಡೆ. ಹೊಟ್ಟೆಹುಣ್ಣು ಇರುವ ಮನುಷ್ಯ, ಬೇಡ ಬೇಡ ಎಂದ. "ಗಂಡಸರಾಗಿ ಹೆದರತೀರೇನ್ರಿ?" ಎಂದು ಎಲ್ಲರ ಮುಂದೆ ಕೇಳಿದೆ. ಪಾಪ, ಒಂಬತ್ತು ತಿಂದ. ನಾಲ್ಕು ದಿನ ಕಚೇರಿಗೆ ಬರಲಿಲ್ಲ. ನಾನು ಹನ್ನೆರಡು ತಿಂದು, ಪಟ್ಟಿಯಲ್ಲಿ ಆ ಸಾಲಿನ ಮೇಲೆ ಗೀಟು ಎಳೆದು, ಮನೆಗೆ ಹೋಗಿ ಮಜ್ಜಿಗೆ ಕುಡಿದೆ.

ಒಂಬತ್ತನೆಯ ಸಾಲು ಇದು: ರೊಟ್ಟಿ ಬಡಿಯುವುದರಲ್ಲಿ ಅಕ್ಕನನ್ನು ಸೋಲಿಸುವುದು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಕುಷ್ಟಗಿಯ ನಮ್ಮ ತವರುಮನೆಯಲ್ಲಿ ಓದಿದವಳು ನಾನು, ನೌಕರಿ ಹಿಡಿದವಳು ನಾನು, ಆದರೆ ಬಂದವರೆಲ್ಲ ಹೊಗಳುತ್ತಿದ್ದದ್ದು ಅಕ್ಕನ ರೊಟ್ಟಿಯನ್ನು. ಅವಳು ಬಡಿದರೆ ಜೋಳದ ರೊಟ್ಟಿ ಬಟ್ಟೆಯಷ್ಟು ತೆಳ್ಳಗೆ ಬರುತ್ತಿತ್ತು, ಹಂಚಿನ ಮೇಲೆ ಹಾಕಿದರೆ ಪೂರ್ತಿ ಉಬ್ಬುತ್ತಿತ್ತು. ನಾನು ಬಡಿದರೆ ಅವ್ವ ಅದನ್ನು ಎತ್ತಿ ಹಿಡಿದು, "ನೋಡ್ರಿ, ನಮ್ಮ ಸಣ್ಣಾಕಿ ದೇಶದ ನಕಾಶಿ ಮಾಡ್ಯಾಳ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅಕ್ಕನೂ ನಗುತ್ತಿದ್ದಳು. ಆ ನಗುವಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಆಮೇಲೆ ಅಕ್ಕನ ಬದುಕು ಏನಾಯಿತು ಎಂದು ಎರಡು ಮಾತಿನಲ್ಲಿ ಹೇಳುತ್ತೇನೆ. ಅವಳ ಗಂಡ ಗಿಣಿಗೇರಾದ ಒಂದು ಕಾರ್ಖಾನೆಯಲ್ಲಿದ್ದ. ಎಂಟು ವರ್ಷದ ಹಿಂದೆ ಇನ್ನೊಬ್ಬಳನ್ನು ಕಟ್ಟಿಕೊಂಡು ಊರು ಬಿಟ್ಟ. ಮಕ್ಕಳಿಲ್ಲ. ಅಕ್ಕ ಗಿಣಿಗೇರಾದ ಅದೇ ಬಾಡಿಗೆ ಕೋಣೆಯಲ್ಲಿ ಉಳಿದು, ಕೊಪ್ಪಳದ ಒಂದು ಖಾನಾವಳಿಗೆ ದಿನಾಲೂ ರೊಟ್ಟಿ ಮಾಡಿ ಕಳಿಸಿ ಬದುಕುತ್ತಿದ್ದಳು. ಅವಳಿಗಿದ್ದ ಆಸರೆ ಆ ರೊಟ್ಟಿಯೊಂದೇ. ನಮ್ಮ ಮನೆಗೆ ಬಂದಿರು ಎಂದು ನಾನು ಒಮ್ಮೆ ಕರೆದಿದ್ದೆ, ಬಾಯಿಮಾತಿಗೆ. ಬಾಯಿಮಾತು ಎಂದು ಅವಳಿಗೂ ಗೊತ್ತಾಗಿತ್ತು.

ಪಟ್ಟಿ ಬರೆದ ವರ್ಷದ ಬೇಸಿಗೆಯಲ್ಲಿ ಒಂದು ದಿನ ಹೇಳದೆ ಕೇಳದೆ ಅವಳ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅಕ್ಕ ಒಲೆಯ ಮುಂದೆ ಕೂತಿದ್ದಳು. ಬಡಿಯುವ ಸಪ್ಪಳವೇ ಇರಲಿಲ್ಲ. ನೋಡಿದರೆ ಕೈಯಲ್ಲಿ ಲಟ್ಟಣಿಗೆ! ಚಪಾತಿ ಲಟ್ಟಿಸಿದ ಹಾಗೆ ಜೋಳದ ರೊಟ್ಟಿಯನ್ನು ಲಟ್ಟಿಸುತ್ತಿದ್ದಾಳೆ, ಅದೂ ಭಾರವನ್ನೆಲ್ಲ ಎಡಗೈಗೆ ಹಾಕಿ. ನನ್ನನ್ನು ಕಂಡದ್ದೇ ಲಟ್ಟಣಿಗೆಯನ್ನು ಸೆರಗಿನೊಳಗೆ ಎಳೆದುಕೊಂಡಳು. ಕದ್ದು ಸಿಕ್ಕಿಬಿದ್ದವರ ಮುಖವಾಗಿತ್ತು ಅವಳದು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೊಟ್ಟಿ ಎಂದರೆ ಅಂಗೈಯಿಂದ ಬಡಿದದ್ದು. ಲಟ್ಟಿಸಿದ್ದನ್ನು ಕೈಲಾಗದವರ ರೊಟ್ಟಿ ಎಂದು ಮೂಗು ಮುರಿಯುತ್ತಾರೆ. ಆ ಖಾನಾವಳಿಯ ಹೊರಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ 'ಕೈಯಿಂದ ಬಡಿದ ಜೋಳದ ರೊಟ್ಟಿ' ಎಂದು ದೊಡ್ಡದಾಗಿ ಬರೆಸಿದ್ದರು. ಜನ ಅದಕ್ಕೇ ಬರುತ್ತಿದ್ದರು.

"ಬಲಗೈ ಮಣಿಕಟ್ಟು ಹೋಗೇತವ್ವ. ಬಡದ್ರ ಸಿಡಿಲ ಹೊಡದಂಗ ಆಗತೈತಿ, ಮೊಳಕೈತನಾ ಏರತೈತಿ" ಎಂದಳು ಅಕ್ಕ. "ಡಾಕ್ಟರ್ ಬಡಿಯೂದ ಬಿಡು ಅಂದಾರ. ಬಿಟ್ರ ಉಣ್ಣೂದೇನು? ಒಂದ ವರ್ಷ ಆತು ಲಟ್ಟಸಾಕತ್ತು. ಯಾರಿಗೂ ಗೊತ್ತಾಗಿಲ್ಲ. ಖಾನಾವಳಿ ಅಮ್ಮಾರಿಗೆ ಗೊತ್ತಾದ್ರ ಅವತ್ತಿಗೇ ಬಿಡಸ್ತಾರ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ."

"ಹುಚ್ಚಿ ಅದಿ ಏನು? ನಾ ಯಾಕ ಹೇಳಲಿ" ಎಂದೆ. ಅವಳ ಮಣಿಕಟ್ಟನ್ನು ಹಿಡಿದು ನೋಡಿದೆ. ಊದಿಕೊಂಡಿತ್ತು. ಅಯ್ಯೋ ಅನ್ನಿಸಲಿಲ್ಲವೆಂದಲ್ಲ, ಅನ್ನಿಸಿತು. ಬಸ್ಸು ಕೊಪ್ಪಳ ಮುಟ್ಟುವ ಹೊತ್ತಿಗೆ ಅದು ಹೋಗಿತ್ತು. ಬಸ್ಸಿನಿಂದ ಇಳಿಯುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಒಂಬತ್ತನೆಯದು ಈಗ ಆಗುವ ಮಾತು.

ಅಂದಿನಿಂದ ದಿನಾ ಬೆಳಗ್ಗೆ ರೊಟ್ಟಿ ಬಡಿಯುವುದಕ್ಕೆ ಕೂತೆ. ಎಸರು ಕುದಿಸಿ ಹಿಟ್ಟು ಹಾಕುವುದು, ಬಿಸಿ ಇರುವಾಗಲೇ ನಾದುವುದು, ಉಂಡೆ ಮಾಡಿ, ಒಣಹಿಟ್ಟು ಉದುರಿಸಿ, ಹಲಗೆಯ ಮೇಲೆ ತಿರುವುತ್ತಾ ಬಡಿಯುವುದು. ಮೊದಲ ತಿಂಗಳು ನನ್ನ ಗಂಡ ಅವನ್ನು ಸಾರಿನಲ್ಲಿ ನೆನೆಸಿಕೊಂಡು ನುಂಗಿದ. "ಇದನ್ನ ಕಂಪೌಂಡಿಗೆ ಹಚ್ಚಬಹುದಿತ್ತಲ್ಲ" ಎಂದ. ಸಟ್ಟುಗ ತೋರಿಸಿದೆ, ಇನ್ನೊಂದು ತುಂಡು ನೆನೆಸಿಕೊಂಡ. ಮೂರನೆಯ ತಿಂಗಳಿಗೆ ರೊಟ್ಟಿ ಅಂಚು ಒಡೆಯದೆ ಬರತೊಡಗಿತು, ಹಂಚಿನ ಮೇಲೆ ಉಬ್ಬತೊಡಗಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಕಚೇರಿಗೆ ಡಬ್ಬಿ ಕಟ್ಟಿಕೊಂಡು ಹೋಗಿ ಎಲ್ಲರಿಗೂ ಹಂಚಿದೆ.

ಅಷ್ಟೊತ್ತಿಗೆ ನಾಗರಪಂಚಮಿ ಬಂತು. ಹಬ್ಬದ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ಮನೆಮನೆಯಲ್ಲೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಾಳುಪಲ್ಯ ಮಾಡಿ ಓಣಿಯಲ್ಲೆಲ್ಲ ಬೀರುತ್ತಾರೆ. ನೀವು ನಮಗೆ ಕೊಡಿ, ನಾವು ನಿಮಗೆ ಕೊಡುತ್ತೇವೆ. ಪಂಚಮಿ ಎಂದರೆ ಪಂದ್ಯಗಳೂ ಹೌದು. ಗಂಡಸರು ನಿಂಬೆಹಣ್ಣು ಎಸೆಯುತ್ತಾ ಊರಿಂದೂರಿಗೆ ಹೋಗುತ್ತಾರೆ, ಕಣ್ಣು ಕಟ್ಟಿಕೊಂಡು ನಡೆಯುತ್ತಾರೆ. ಹೆಂಗಸರಿಗೆ ಜೋಕಾಲಿ ಮಾತ್ರ ಯಾಕೆ, ನಾವೂ ಪಂದ್ಯ ಕಟ್ಟೋಣ ಎಂದು ನಾನು ಓಣಿಗೆಲ್ಲ ಹೇಳಿಬಂದೆ. ಅಕ್ಕನಿಗೂ ಫೋನ್ ಮಾಡಿ ಹಬ್ಬಕ್ಕೆ ಕರೆದೆ. ಪಂದ್ಯದ ಸುದ್ದಿ ಎತ್ತಲಿಲ್ಲ. ಎಷ್ಟೋ ವರ್ಷದ ಮೇಲೆ ಕರೆದೆನೆಂದು ಅವಳಿಗೆ ಹಿಗ್ಗೋ ಹಿಗ್ಗು.

ತೀರ್ಪು ಹೇಳುವುದಕ್ಕೆ ರೊಟ್ಟಿ ಬಲ್ಲವರು ಬೇಕಲ್ಲ? ನೇರ ಖಾನಾವಳಿಗೆ ಹೋಗಿ ಅದರ ಯಜಮಾನಿಯನ್ನೇ ಕರೆದೆ.

"ಬರತೀನ್ರಿ ಮೇಡಂ, ಬರದೇನ" ಎಂದರು ಆಕೆ. "ನಿಮ್ಮ ಅಕ್ಕಾರ ಕೈಕೆಲಸ ಕಣ್ಣಿಲೆ ನೋಡಬೇಕಂತ ಭಾಳ ದಿವಸದಿಂದ ಆಸೆ ಐತ್ರಿ. ಎಂಟು ವರ್ಷಾತು, ರೊಟ್ಟಿ ತಿಂದೇನಿ, ಬಡಿಯೂದ ನೋಡಿಲ್ಲ."

ಅವರು ಹೀಗೆಂದಾಗಲಾದರೂ ನಾನು ನಿಲ್ಲಬಹುದಿತ್ತು. ಏನೋ ನೆಪ ಹೇಳಿ, ಪಂದ್ಯ ಇಲ್ಲವೆಂದು ಬಂದುಬಿಡಬಹುದಿತ್ತು. ನಾನು ಗುಟ್ಟು ಬಿಟ್ಟುಕೊಟ್ಟಿಲ್ಲ, ಕೊಟ್ಟ ಮಾತಿಗೆ ತಪ್ಪಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನಂಥ ಕಾಯಿದೆ ಬಲ್ಲ ಗುಮಾಸ್ತೆಗೆ ಅಷ್ಟು ಸಾಕಾಗಿತ್ತು.

ರೊಟ್ಟಿ ಹಬ್ಬದ ದಿನ ಬೆಳಗ್ಗೆ ಅಕ್ಕ ಹೊಸ ಸೀರೆ ಉಟ್ಟು, ಪಂಚಮಿಯ ಸಿಹಿ ಉಂಡಿ ಕಟ್ಟಿಕೊಂಡು ಬಂದಳು. ಅಂಗಳದಲ್ಲಿ ಎರಡು ಒಲೆ, ಎರಡು ಹಲಗೆ, ಸುತ್ತ ಓಣಿಯ ಹೆಂಗಸರು, ಕುರ್ಚಿಯ ಮೇಲೆ ಖಾನಾವಳಿ ಅಮ್ಮ. ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು. ನನ್ನನ್ನು ಒಳಗೆ ಎಳೆದುಕೊಂಡು ಹೋಗಿ, "ಏನಿದು? ನಿನಗ ಗೊತ್ತೈತೆಲ್ಲವ್ವ" ಎಂದಳು.

"ಹತ್ತ ರೊಟ್ಟಿ ಅಷ್ಟ. ಹತ್ತು ಬಡದ್ರ ಸಾಯೂದಿಲ್ಲ. ಎಲ್ಲಾರೂ ಬಂದು ಕುಂತಾರ, ಈಗ ಒಲ್ಲೆ ಅಂದ್ರ ಅವರಿಗೇ ಸಂಶೆ ಬರತೈತಿ ನೋಡು."

ಈ ಕೊನೆಯ ಮಾತು ಇದೆಯಲ್ಲ, ಅದನ್ನು ನಾನು ಹಿಂದಿನ ದಿನವೇ ಯೋಚಿಸಿ ಇಟ್ಟುಕೊಂಡಿದ್ದೆ. ಅಕ್ಕ ಬಳೆ ಹಿಂದಕ್ಕೆ ಸರಿಸಿಕೊಂಡು ಹೊರಗೆ ಬಂದು ಕೂತಳು.

ಮೊದಲ ರೊಟ್ಟಿ ಅವಳದು ನನ್ನದಕ್ಕಿಂತ ಛಲೋ ಬಂತು. ಎಲ್ಲರೂ ಓಹೋ ಎಂದರು. ಖಾನಾವಳಿ ಅಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು, ಜೋರು ಜೋರಾಗಿ ಬಡಿಯತೊಡಗಿದೆ. ಎರಡನೆಯದಕ್ಕೆ ಅಕ್ಕನ ಕೆಳತುಟಿ ಹಲ್ಲಿನ ಕೆಳಗೆ ಹೋಯಿತು. ಮೂರನೆಯದರ ಅಂಚು ಒಡೆಯಿತು. ನಾಲ್ಕನೆಯದನ್ನು ಹಲಗೆಯಿಂದ ಎತ್ತುವಾಗ ಬಲಗೈ ಹಿಡಿತ ತಪ್ಪಿ ರೊಟ್ಟಿ ಎರಡು ತುಂಡಾಗಿ ಒಲೆಯ ಬಾಯಿಗೆ ಬಿತ್ತು. ಅವಳು ಇನ್ನೊಂದು ಉಂಡೆಯನ್ನು ಹಲಗೆಯ ಮೇಲಿಟ್ಟು, ಮತ್ತೆ ಕೈ ಎತ್ತಿದಳು. ಕೈ ಮೇಲೆಯೇ ನಿಂತಿತು, ಕೆಳಗೆ ಬರಲಿಲ್ಲ.

ಸಜ್ಜೆ ರೊಟ್ಟಿಯ ಗಂಟು ಹಿಡಿದು ಬಂದಿದ್ದ ಪಕ್ಕದ ಮನೆಯ ಬೀಬಿ, "ಬಿಡ್ರಿ ಸಾಕು! ಅವರ ಕೈ ನೋಡ್ರಿ, ಹೆಂಗ ನಡಗಾಕತ್ತೈತಿ" ಎಂದರು.

"ಆಟ ಐತ್ರಿ, ನೀವ ಸುಮ್ಮನಿರ್ರಿ" ಎಂದೆ ನಾನು. "ಯಕ್ಕಾ, ಸೋತೆ ಅಂತ ಹೇಳು, ಮುಗೀತು."

"ಸೋತೆ" ಎಂದಳು ಅಕ್ಕ.

ನಾನು ಹಿಟ್ಟಿನ ಕೈ ಮೇಲೆತ್ತಿ ಎದ್ದು ನಿಂತೆ. ಚಪ್ಪಾಳೆ ಬೀಳುತ್ತದೆಂದು ಕಾದೆ. ಯಾರೋ ಇಬ್ಬರು ತಟ್ಟಿ ನಿಲ್ಲಿಸಿದರು. ಖಾನಾವಳಿ ಅಮ್ಮ ಕುರ್ಚಿಯಿಂದ ಎದ್ದು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಅಕ್ಕಾರ, ಈ ಕೈಲೆ ಹತ್ತು ಬಡಿಯಾಕ ಆಗಲಿಲ್ಲ. ಹಂಗಾದ್ರ ನನಗ ದಿನಾ ಬರೂ ರೊಟ್ಟಿ ಯಾರ ಬಡಿತಾರ?"

ಅಕ್ಕ ನನ್ನ ಕಡೆ ನೋಡಿದಳು. ಒಂದು ಸುಳ್ಳು ಸಾಕಿತ್ತು. ಬಾಜು ಮನೆಯಾಕೆ ಬಡಿಯುತ್ತಾಳೆ ಎನ್ನಬಹುದಿತ್ತು, ನಿನ್ನೆ ಬಿದ್ದು ಕೈ ಉಳುಕಿದೆ ಎನ್ನಬಹುದಿತ್ತು. ಕಚೇರಿಯಲ್ಲಿ ದಿನಕ್ಕೆ ಹತ್ತು ಸುಳ್ಳು ಸಲೀಸಾಗಿ ಹೇಳುವವಳು ನಾನು. ಆದರೆ ಗೆದ್ದ ಖುಷಿ ಇನ್ನೂ ಮೈಮೇಲಿತ್ತು, ನಾನು ಬಕೆಟ್ಟಿನಲ್ಲಿ ಕೈ ತೊಳೆದುಕೊಳ್ಳುತ್ತಾ ನಿಂತೆ.

"ಲಟ್ಟಸ್ತೀನ್ರಿ" ಎಂದಳು ಅಕ್ಕ.

ಖಾನಾವಳಿ ಅಮ್ಮ ಬೈಯಲಿಲ್ಲ. "ಮೊದಲ ಹೇಳಬಾರದಿತ್ತೇನ್ರಿ? ಗ್ವಾಡಿ ಮ್ಯಾಲ ಬರಿಸೇನಿ, ಜನಾ ಏನಂದಾರು. ಇಷ್ಟು ಮಂದಿ ಮುಂದ ಗೊತ್ತಾತು, ನಾಳಿಗೆ ಊರಿಗೆಲ್ಲ ಗೊತ್ತಾಗತೈತಿ" ಎಂದು ಅಕ್ಕನ ಭುಜ ಮುಟ್ಟಿದರು. "ನಾಳಿಂದ ಬ್ಯಾಡ್ರಿ." ಊಟಕ್ಕೆ ನಿಲ್ಲದೆ ಹೊರಟರು. ಅಕ್ಕ ಮಾತ್ರ ನಿಂತಳು. ಓಣಿಯವರು ತಂದ ರೊಟ್ಟಿಗಳನ್ನೆಲ್ಲ ಎಡಗೈಯಿಂದಲೇ ಒಂದೊಂದಾಗಿ ಬುಟ್ಟಿಗೆ ಜೋಡಿಸಿಕೊಟ್ಟು, ಸಂಜೆಯ ಬಸ್ಸಿಗೆ ಹೋದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅನ್ನಬೇಕಾಗಿತ್ತು. ನಾಲ್ಕು ಜನರ ಮುಂದೆ ನನ್ನ ಕೆನ್ನೆಗೆ ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ತಿಂಗಳಾಯಿತು. ಅಕ್ಕ ಈಗ ಕಾರ್ಖಾನೆಯ ಗೇಟಿನ ಎದುರಿನ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆಂದು ಯಾರೋ ಹೇಳಿದರು. ದೊಡ್ಡ ದೊಡ್ಡ ಪಾತ್ರೆಗಳು, ಅದೇ ಕೈ. ನನಗೆ ಅನ್ನ ಸೇರದಂತಾಯಿತು. ಒಂದು ಮಧ್ಯಾಹ್ನ ರಜೆ ಹಾಕಿ ಖಾನಾವಳಿಗೆ ಹೋದೆ. ಎಲ್ಲ ಹೇಳಿಬಿಡಬೇಕು, ತಪ್ಪು ನನ್ನದು, ಬೇಕೆಂದೇ ಮಾಡಿದೆ, ಅವಳಿಗೆ ಪಲ್ಯ ಹೆಚ್ಚುವ ಕೆಲಸವಾದರೂ ಕೊಡಿ ಎಂದು ಕಾಲು ಹಿಡಿಯಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

ಖಾನಾವಳಿ ಅಮ್ಮ ನನ್ನನ್ನು ಕಂಡದ್ದೇ ಎದ್ದು ಬಂದು ಕೈ ಹಿಡಿದು ಕೂರಿಸಿದರು. "ಬರ್ರಿ ಮೇಡಂ. ಎಷ್ಟ ಬಾಡೀರಿ! ನೀವ್ಯಾಕ ಮನಸಿಗೆ ಹಚಗೋತೀರಿ? ನಿಮ್ಮ ಅಕ್ಕಾರು ಮರದಿನಾನ ಬಂದಿದ್ರು. ಕೆಲಸ ಕೇಳಾಕ ಅಲ್ರಿ. 'ನಮ್ಮ ತಂಗಿಗೆ ನನ್ನ ಕೈದು ಏನೂ ಗೊತ್ತಿರಲಿಲ್ಲ, ಹಬ್ಬಾ ಅಂತ ಖುಷಿಲೆ ಮಾಡ್ಯಾಳ, ಅಕಿಗೆ ಯಾರೂ ಏನೂ ಅನ್ನಬ್ಯಾಡ್ರಿ' ಅಂತ ಹೇಳಾಕ ಬಂದಿದ್ರು. ಪಾಪ, ನಿಮಗರೆ ಏನ ಗೊತ್ತಿತ್ತು?"

ಒಳಗಿನಿಂದ ಯಾರೋ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಅಮ್ಮ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು.

"ಹೌದ್ರಿ" ಎಂದೆ. "ನನಗ ಗೊತ್ತಿರಲಿಲ್ಲ."

ಅವರು ತಾವೇ ತಾಟು ತಂದು ಬಡಿಸಿದರು. ನಾನು ಎರಡು ರೊಟ್ಟಿ ಉಂಡೆ.