ಸವಾ ಅಂದರೆ ಒಪ್ಪಿದ ಹಾಗಲ್ಲ

ಕೋವಿಡ್ ತಣ್ಣಗಾದ ಮರುವರ್ಷ ನಾನು ನೈರೋಬಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಿಸರ್ಚ್ ನರ್ಸ್ ಆಗಿದ್ದೆ. ಸಿಸೇರಿಯನ್ ಆದ ತಾಯಂದಿರ ಹೊಲಿಗೆಗೆ ಹಳೆಯ ಡ್ರೆಸ್ಸಿಂಗ್ ಒಳ್ಳೆಯದೋ ಹೊಸದೋ ಎಂಬುದು ನಮ್ಮ ಅಧ್ಯಯನ. ಪ್ರತಿ ತಾಯಿಗೂ ಎಲ್ಲವನ್ನೂ ವಿವರಿಸಿ, ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲವೆಂದು ತಿಳಿಸಿ, ಆಮೇಲೆ ಸಹಿ ಪಡೆಯಬೇಕು. ಇನ್‌ಫಾರ್ಮ್ಡ್ ಕನ್ಸೆಂಟ್ ಎನ್ನುವುದು ಇದನ್ನೇ.

ಹದಿನೆಂಟು ವರ್ಷದಿಂದ ಇಲ್ಲಿರುವ ನನಗೆ ಸ್ವಾಹಿಲಿ ಭಾಷೆ ನೀರು ಕುಡಿದಷ್ಟು ಸುಲಭ. ಫಾರಂ ಗಡಗಡ ಓದುತ್ತಿದ್ದೆ, ತಾಯಂದಿರು "ಸವಾ, ಸಿಸ್ಟರ್" ಅನ್ನುತ್ತಿದ್ದರು, ಸಹಿ ಬೀಳುತ್ತಿತ್ತು. ಸವಾ ಅಂದರೆ ನಮ್ಮ 'ಸರಿ'. ಮೈಸೂರಿನಿಂದ ಬಂದು ಎಂಟು ತಿಂಗಳೂ ಆಗದ ಶೋಭಾ ಮಾತ್ರ ಒಬ್ಬೊಬ್ಬರ ಹತ್ತಿರ ಅರ್ಧ ಗಂಟೆ ಕೂರುತ್ತಿದ್ದಳು. ಆದರೂ ಅಧ್ಯಯನದ ಮುಖ್ಯಸ್ಥೆ ಡಾಕ್ಟರ್ ಸುಮಾ ಮೀಟಿಂಗಿನಲ್ಲಿ ಹೊಗಳುವುದು ಅವಳನ್ನೇ! ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಆ ತಿಂಗಳು ಕೋಆರ್ಡಿನೇಟರ್ ಹುದ್ದೆ ತುಂಬಬೇಕಿತ್ತು. ಅದು ನನಗೇ ಎಂದು ನಾನಿರುವ ಲಂಗಾಟಾ ಬಡಾವಣೆಯ ಗೆಳತಿಯರಿಗೆಲ್ಲ ಸಾರಿಯೂ ಬಿಟ್ಟಿದ್ದೆ.

ತಡೆಯಲಾರದೆ ಡಾಕ್ಟರ ಬಳಿ ದೂರಿದೆ. "ಮೇಡಂ, ಅವಳಿಗೆ ಭಾಷೇನೇ ಬರಲ್ಲ. ಸುಮ್ನೆ ಟೈಮ್ ವೇಸ್ಟ್."

"ಒಂದ್ಸಲ ಪಕ್ಕದಲ್ಲಿ ಕೂತು ನೋಡಿ ಸಿಸ್ಟರ್," ಅಂದರು.

ತಪ್ಪು ಹಿಡಿಯಲೆಂದೇ ಹೋಗಿ ಕೂತೆ. ಶೋಭಾ ಹರಕುಮುರುಕು ಸ್ವಾಹಿಲಿಯಲ್ಲಿ ವಿವರಿಸಿದಳು. ತಾಯಿ "ಸವಾ" ಅಂದಳು. ನಾನಾಗಿದ್ದರೆ ಅಲ್ಲೇ ಪೆನ್ನು ಕೊಡುತ್ತಿದ್ದೆ. ಶೋಭಾ ಮಾತ್ರ, "ನನ್ನ ಸ್ವಾಹಿಲಿ ಸರಿಯಿಲ್ಲ, ನಾನು ಹೇಳಿದ್ದೇನು ಅಂತ ನೀವೇ ಒಮ್ಮೆ ಹೇಳಿ," ಎಂದು ಕೇಳಿದಳು. ಆ ತಾಯಿ ಹೇಳುತ್ತ ಹೋದಳು, ತಪ್ಪಿದಲ್ಲಿ ಇವಳು ತಿದ್ದಿದಳು; ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂಬುದನ್ನು ಎರಡೆರಡು ಸಲ ಹೇಳಿಸಿದಳು.

ಪಕ್ಕದ ಮಂಚದಲ್ಲಿ ಅಕಿನ್ಯಿ ಎಂಬ ತಾಯಿ ಮಲಗಿದ್ದಳು. ಹಿಂದಿನ ದಿನ ನಾನೇ ಅವಳ ಸಹಿ ಪಡೆದಿದ್ದೆ. ಇದನ್ನೆಲ್ಲ ಕೇಳಿಸಿಕೊಂಡ ಅವಳು ನನ್ನತ್ತ ತಿರುಗಿ ಸ್ವಾಹಿಲಿಯಲ್ಲಿ ಕೇಳಿದಳು: "ಹಾಗಾದ್ರೆ ಬೇಡ ಅನ್ನಬಹುದಿತ್ತಾ? ಸಹಿ ಹಾಕದಿದ್ರೆ ಗಾಯಕ್ಕೆ ಪಟ್ಟೀನೇ ಕಟ್ಟಲ್ಲ ಅಂದ್ಕೊಂಡಿದ್ದೆ."

"ಮತ್ತೆ ಸವಾ ಅಂದ್ರಲ್ಲಮ್ಮಾ?"

"ನೀವು ಹೇಳ್ತಾ ಇದ್ರಿ. ಕೇಳಿಸ್ಕೊಳ್ತಿದೀನಿ ಅಂತ ಅಂದೆ."

ಅಯ್ಯೋ ದೇವರೇ! ನಮ್ಮತ್ತೆ ಫೋನ್ ಮಾಡಿದಾಗ ನಾನೂ ಅರ್ಧ ಗಂಟೆ "ಸರಿ, ಸರಿ" ಅನ್ನುತ್ತೇನೆ. ಅದರಲ್ಲಿ ಒಂದಕ್ಕಾದರೂ ಒಪ್ಪಿರುತ್ತೇನೆಯೇ?

ಹೊರಗೆ ಬಂದಾಗ ಶೋಭಾ ಮೆಲ್ಲಗೆ, "ಅಕ್ಕಾ, ನಾನು ಯಾರಿಗೂ ಹೇಳಲ್ಲ," ಅಂದಳು. ಅವಳ ಈ ಒಳ್ಳೆಯತನ ಮೈಯನ್ನು ಇನ್ನಷ್ಟು ಉರಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ಹುದ್ದೆ ನನ್ನದಾಗುತ್ತಿತ್ತೋ ಏನೋ. ಆದರೆ ಅಕಿನ್ಯಿಯ ಮುಖ ಕಣ್ಣೆದುರಿಗಿತ್ತು. ಮಧ್ಯಾಹ್ನವೇ ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ನಾನು ಸಹಿ ಪಡೆದವರನ್ನೆಲ್ಲ ಮತ್ತೆ ಮೊದಲಿಂದ ಕೇಳಬೇಕಾಯಿತು. ಮೊದಲು ಬೇಡ ಅಂದವಳು ಅಕಿನ್ಯಿ.

"ಕೋಪ ಬಂತಾ ಸಿಸ್ಟರ್?" ಎಂದು ಹೆದರುತ್ತ ಕೇಳಿದಳು. ಇಲ್ಲವೆಂದು ಹೇಳಿ, ಅವಳ ಗಾಯ ತೊಳೆದು ಪಟ್ಟಿ ಕಟ್ಟಿದೆ.

ಹುದ್ದೆ ಶೋಭಾಳಿಗೇ ಹೋಯಿತು. ಬೇಡ ಅನ್ನುವ ಧೈರ್ಯ ಕೊಡದೆ ಪಡೆದ ಸಹಿ ಬರೀ ಶಾಯಿ ಎಂಬುದನ್ನು ನಾನು ಕಲಿತದ್ದು ಹಾಗೆ. ಹೊಟ್ಟೆಯುರಿ ಪೂರ್ತಿ ಆರಿದೆಯೆಂದರೆ ಸುಳ್ಳಾಗುತ್ತದೆ. ಈಗಲೂ ಅವಳು ಕೆಲಸ ಹಂಚಿದಾಗ ನಾನು ಮುಖ ಗಂಟಿಕ್ಕಿಕೊಂಡು "ಸರಿ" ಅನ್ನುತ್ತೇನೆ.

ಅವಳು ನಗುತ್ತ, "ನಾನೇನ್ ಹೇಳ್ದೆ, ಹೇಳಿ ನೋಡೋಣ ಅಕ್ಕಾ," ಅನ್ನುತ್ತಾಳೆ.